ದೇವರ ಜಗಲಿಯ ಮೇಲಿನ ಅಳತೆಕಡ್ಡಿ

ನಾನು ಒಂದು ಮಣ್ಣಿನ ಒಲೆ. ಮೂರು ಕಲ್ಲಿಟ್ಟು ಮಾಡಿದ ಬಡಪಾಯಿ ಒಲೆಯಲ್ಲ; ಎರಡು ಪಾತ್ರೆ ಹಿಡಿಸುವ, ಮಾಳಿಗೆಯ ಆಚೆಗೆ ಹೊಗೆ ಕಳಿಸುವ ಕೊಳವೆಯಿರುವ ಒಲೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಗ ನನ್ನನ್ನು ನೋಡಿದವರು ಮೂಲೆಯ ಮಣ್ಣುಗುಡ್ಡೆ ಅಂದುಕೊಂಡು ಮೇಲೆ ಖಾಲಿ ಡಬ್ಬಿ ಇಟ್ಟು ಹೋಗುತ್ತಾರೆ. ನಾನು ಹುಟ್ಟಿದ ದಿನ ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ಇಣುಕಿದ್ದರು.

ನನ್ನನ್ನು ಹಾಕಿದವಳು ದ್ಯಾಮವ್ವ. ರೋಣದ ಕಡೆಯ ಹತ್ತಾರು ಊರುಗಳಲ್ಲಿ ಒಲೆ ಹಾಕಿಕೊಡುವುದೇ ಅವಳ ಕಸುಬು. ಹುತ್ತದ ಮಣ್ಣು, ಕೆರೆಯ ಗೋಡುಮಣ್ಣು, ಸಗಣಿ, ಜೋಳದ ಹೊಟ್ಟು ಎಲ್ಲ ಸೇರಿಸಿ ಎರಡು ದಿನ ಕೊಳೆಹಾಕಿ ಮೂರನೆಯ ದಿನ ತುಳಿದಳು. ಅವಳ ಬಲಗಾಲಿನ ಹಿಮ್ಮಡಿ ಒಡೆದಿತ್ತು. ಪ್ರತಿ ಸಲ ಆ ಕಾಲು ಊರಿದಾಗ ನನಗೆ ಕಚಗುಳಿಯಾಗುತ್ತಿತ್ತು. ಆಮೇಲೆ ನನ್ನನ್ನು ಎತ್ತಿ ಕೂರಿಸಿ ಹೊಟ್ಟೆಯಲ್ಲಿ ಕಬ್ಬಿಣದ ಜಾಲರಿ ಇಟ್ಟಳು. ಜಾಲರಿಯ ಕೆಳಗೆ ಗಾಳಿ ಬರಲು ಒಂದು ಕಿಂಡಿ, ಹಿಂದೆ ಹೊಗೆ ಹೋಗಲು ಗಂಟಲು, ಗಂಟಲಿನಿಂದ ಮೇಲಕ್ಕೆ ಸುಟ್ಟ ಮಣ್ಣಿನ ಕೊಳವೆ. ಮುಂದೆ ಕಟ್ಟಿಗೆ ಇಡುವ ಬಾಯಿ, ಅಗಲ ಸರಿಯಾಗಿ ಒಂದು ಗೇಣು.

ನನ್ನನ್ನು ಹಾಕಿಸಿಕೊಂಡವಳು ಬಸಲಿಂಗವ್ವ. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಟ್ಟು ಮಗ ಫಕೀರಪ್ಪನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಹೆಂಗಸು. ಹಳೆಯ ಒಲೆಯ ಮುಂದೆ ಕೂತು ಇಪ್ಪತ್ತು ವರ್ಷ ಹೊಗೆ ಕುಡಿದಿದ್ದಳು. ಎರಡು ಮಾತಾಡಿದರೆ ಮೂರನೆಯ ಮಾತಿಗೆ ಉಸಿರು ಸಾಲದೆ ಎದೆ ಗೊರಗೊರ ಅನ್ನುತ್ತಿತ್ತು.

"ಡಾಕ್ಟರ್ ಒಲಿ ಬಿಡು ಅಂತಾನ. ಇನ್ನ ಹೊಗಿ ಕುಡದ್ರ ಉಳಿಯೂದಿಲ್ಲಂತ. ಒಲಿ ಬಿಟ್ಟು ನಾ ಏನ್ ಮಾಡ್ಲಿ ದ್ಯಾಮವ್ವಾ? ಕುಂತು ತಿನ್ನಾಕ ನನಗ ಬರೂದಿಲ್ಲ."

"ಒಲಿ ಯಾಕ ಬಿಡ್ತೀ, ಹೊಗಿ ಬಿಡು," ಅಂದಳು ದ್ಯಾಮವ್ವ, ನನ್ನ ಹೆಗಲ ಮೇಲೆ ಕೈ ಆಡಿಸುತ್ತಾ. "ಇಕಿ ಎಲ್ಲಾ ಮ್ಯಾಲ ಕಳಸ್ತಾಳ. ಒಂದು ಎಳಿ ಹೊಗಿ ನಿನ್ನ ಎದಿಗೆ ಹೋಗಗೊಡೂದಿಲ್ಲ."

ಇಕಿ ಅಂದರೆ ನಾನು. ಮಣ್ಣು ಇನ್ನೂ ಹಸಿಯಿರುವಾಗಲೇ ಇಷ್ಟು ದೊಡ್ಡ ಮಾತನ್ನು ನನ್ನ ಪರವಾಗಿ ಕೊಟ್ಟುಬಿಟ್ಟಳು. ನನಗೆ ಹೆಮ್ಮೆಯಾಯಿತು. ಬಸಲಿಂಗವ್ವನ ಉಸಿರು ಕಾಯುವುದು ನನ್ನ ಕೆಲಸ ಎಂದು ನಾನೂ ಒಪ್ಪಿಕೊಂಡೆ.

ಹದಿನೈದು ದಿನ ಒಣಗಿದ ಮೇಲೆ ದ್ಯಾಮವ್ವ ಬಂದು ನನ್ನನ್ನು ಹೊತ್ತಿಸುವುದನ್ನು ಕಲಿಸಿದಳು. ಒಲೆ ಹೊತ್ತಿಸುವುದೇನು ಮಹಾ ಅಂತ ನೀವು ಅನ್ನಬಹುದು. ಬಸಲಿಂಗವ್ವನೂ ಹಾಗೇ ಅಂದುಕೊಂಡು ಒಂದು ತೋಳು ಗಾತ್ರದ ಜಾಲಿ ಕೊರಡನ್ನು ತಂದು ತುರುಕಲು ಹೋದಳು. ದ್ಯಾಮವ್ವ ಅವಳ ಕೈಗೆ ಚಟ್ ಅಂತ ಬಾರಿಸಿದಳು. ಮೊದಲು ಒಂದು ಹಿಡಿ ರವದಿ, ಅಂದರೆ ಜೋಳದ ಒಣಗಿದ ಗರಿ, ಉರಿಸಿ ಕೊಳವೆಯನ್ನು ಬೆಚ್ಚಗೆ ಮಾಡಬೇಕು; ಕೊಳವೆ ಬೆಚ್ಚಗಾದರೆ ಹೊಗೆಯನ್ನು ತಾನೇ ಮೇಲಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಹೆಬ್ಬೆರಳು ಗಾತ್ರಕ್ಕೆ ಸೀಳಿದ ಎರಡೇ ಎರಡು ಕಟ್ಟಿಗೆ. ಅವು ಉರಿದಂತೆ ಮುಂದಕ್ಕೆ ಸರಿಸುತ್ತಾ ಹೋಗಬೇಕು. ಎರಡೂ ಕುಳಿಗಳ ಮೇಲೆ ಪಾತ್ರೆ ಇರಲೇಬೇಕು, ಒಂದರ ಮೇಲೆ ರೊಟ್ಟಿ ಹಂಚು, ಇನ್ನೊಂದರ ಮೇಲೆ ನೀರಿನ ಗಡಿಗೆ. ಜಾಲರಿಯ ಕೆಳಗಿನ ಬೂದಿಯನ್ನು ದಿನಾ ತೆಗೆಯಬೇಕು. ನಾಳೆಯ ಕಟ್ಟಿಗೆಯನ್ನು ಇವತ್ತೇ ನನ್ನ ಬೆನ್ನಿಗೆ ಒರಗಿಸಿಟ್ಟು ಒಣಗಿಸಬೇಕು.

ಕೊನೆಗೆ ಸೊಂಟದಿಂದ ಒಂದು ಗೇಣುದ್ದದ ಬಿದಿರಿನ ಕಡ್ಡಿ ತೆಗೆದು ನನ್ನ ಬಾಯಿಗೆ ಅಡ್ಡ ಹಿಡಿದು ಒಳಗೆ ತಳ್ಳಿದಳು. ಅದು ಎಲ್ಲೂ ತಾಗದೆ ಸಲೀಸಾಗಿ ಹೋಗಿ ಬಂತು.

"ಇದು ಅಳತಿ ಕಡ್ಡಿ. ಒಲಿ ಸಾರಸೂದು ನೀ ಬಿಡೂದಿಲ್ಲ, ನನಗ ಗೊತ್ತೈತಿ. ಹೊರಗ ಎಷ್ಟ ಬೇಕಾದ್ರೂ ಸಾರಸು. ಬಾಯಾಗ ಕೈ ಹಾಕಬ್ಯಾಡ. ಅಮಾಸಿಗೊಮ್ಮೆ ಈ ಕಡ್ಡಿ ಹಿಂಗ ಹಾಕಿ ನೋಡು. ಹೋಗಲಿಲ್ಲಂದ್ರ ಕುಡುಗೋಲು ತಗೊಂಡು ಕೆರಿ. ತಿಳೀತಿಲ್ಲೋ?"

"ತಿಳೀತವ್ವಾ," ಎಂದು ಬಸಲಿಂಗವ್ವ ಕಡ್ಡಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಹಾಗೆ ಕಣ್ಣಿಗೆ ಒತ್ತಿಕೊಂಡದ್ದರಲ್ಲೇ ನನ್ನ ಕಷ್ಟ ಶುರುವಾಯಿತು.

ಮೊದಲ ಎರಡು ವರ್ಷ ಮಾತ್ರ ನಾನು ಅಂದುಕೊಂಡ ಹಾಗೇ ಬದುಕಿದೆ. ಒಂದು ಹೊರೆ ಹತ್ತಿಕಟ್ಟಿಗೆ ಹಳೆಯ ಒಲೆಗೆ ಎರಡು ದಿನಕ್ಕೆ ಮುಗಿಯುತ್ತಿತ್ತಂತೆ, ನನಗೆ ನಾಲ್ಕು ದಿನ ಬರುತ್ತಿತ್ತು. ಹಂಚಿನ ತುಂಬ ಒಂದೇ ಸಮ ಉರಿ. ರೊಟ್ಟಿ ಪೂರಿಯ ಹಾಗೆ ಉಬ್ಬುತ್ತಿತ್ತು. ಗೋಡೆಗೆ ಸುಣ್ಣ ಬಳಿದದ್ದು ಬೆಳ್ಳಗೇ ಉಳಿಯಿತು. ಬಸಲಿಂಗವ್ವ ರೊಟ್ಟಿ ಬಡಿಯುತ್ತಾ ಹಾಡುವುದನ್ನು ಮತ್ತೆ ಶುರುಮಾಡಿದಳು. ಕೊರಳೇನೂ ಚೆನ್ನಾಗಿರಲಿಲ್ಲ, ಆದರೆ ಒಂದು ಪೂರ್ತಿ ಸಾಲನ್ನು ಒಂದೇ ಉಸಿರಿಗೆ ಮುಗಿಸುತ್ತಿದ್ದಳು. ನಾನು ಅದನ್ನೇ ಕೇಳುತ್ತಾ ಉರಿಯುತ್ತಿದ್ದೆ. ವರ್ಷಕ್ಕೊಂದು ದಿನ, ನಾಗರ ಪಂಚಮಿಗೆ, ಹಂಚು ಇಡಬಾರದೆಂದು ನನಗೆ ರಜೆ. ಆ ದಿನ ನನಗೆ ಬೇಸರವೇ ಆಗುತ್ತಿತ್ತು.

ಬಸಲಿಂಗವ್ವನ ಭಕ್ತಿಯ ಬಗ್ಗೆ ಈಗ ಹೇಳಬೇಕು. ದಿನಾ ನಸುಕಿನಲ್ಲಿ ಎದ್ದು ಮುಖ ತೊಳೆದ ಕೂಡಲೇ ಸಗಣಿ, ಕೆಮ್ಮಣ್ಣು ಕಲಸಿದ ಬೋಗುಣಿ ಹಿಡಿದು ನನ್ನ ಮುಂದೆ ಕೂರುತ್ತಿದ್ದಳು. ಸಾರಿಸದ ಒಲೆಗೆ ಬೆಂಕಿ ಹಾಕಿದರೆ ಅವಳ ಮನಸ್ಸಿಗೆ ಆಗುತ್ತಿರಲಿಲ್ಲ. ತಲೆಯಿಂದ ಶುರುಮಾಡಿ ಹೆಗಲು, ಪಕ್ಕೆ, ಎಲ್ಲ ಕಡೆ ತಣ್ಣಗೆ ಕೈ ಆಡಿಸಿ ವಿಭೂತಿ ಹಚ್ಚುತ್ತಿದ್ದಳು. ನನ್ನನ್ನು ಇಷ್ಟು ಮುದ್ದು ಮಾಡಿದವರು ಬೇರೆ ಯಾರೂ ಇಲ್ಲ. ಬಾಯಿಯ ಅಂಚು ಮಸಿಯಾಗುತ್ತದಲ್ಲ, ಅದು ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಮಸಿ ಬಾಯಿಯ ಲಕ್ಷ್ಮಿಯನ್ನು ಯಾರಾದರೂ ಹಾಗೇ ಬಿಡುತ್ತಾರೆಯೇ? ನಾಲ್ಕು ಬೆರಳು ಒಳಗೆ ಹಾಕಿ ಬಾಯಿಯ ಒಳಗನ್ನೂ ಒಂದು ಸುತ್ತು ಸಾರಿಸುತ್ತಿದ್ದಳು. ಕೈ ಇನ್ನೂ ಒದ್ದೆಯಿದ್ದರೆ ಕೆಳಗಿನ ಗಾಳಿಕಿಂಡಿಗೂ ಒಂದಿಷ್ಟು.

ದಿನಕ್ಕೆ ಒಂದು ಉಳ್ಳಾಗಡ್ಡಿ ಸಿಪ್ಪೆಯಷ್ಟು ದಪ್ಪ. ಯಾರಿಗೆ ಗೊತ್ತಾಗಬೇಕು? ನನಗೆ ಗೊತ್ತಾಗುತ್ತಿತ್ತು.

ಇನ್ನು ಆ ಅಳತೆಕಡ್ಡಿ. ನನ್ನ ಜೊತೆ ಬಂದದ್ದು, ದ್ಯಾಮವ್ವ ಕೈಯಾರೆ ಕೊಟ್ಟದ್ದು ಎಂದು ಬಸಲಿಂಗವ್ವ ಅದನ್ನು ದೇವರ ಜಗಲಿಯ ಮೇಲೆ ಇಟ್ಟುಬಿಟ್ಟಿದ್ದಳು. ಅಮಾವಾಸ್ಯೆಗೊಮ್ಮೆ ತಪ್ಪದೆ ಅದನ್ನು ತೊಳೆದು, ಕುಂಕುಮ ಹಚ್ಚಿ, ಊದುಬತ್ತಿ ಬೆಳಗುತ್ತಿದ್ದಳು. ಕಡ್ಡಿಯನ್ನು ಅಮಾವಾಸ್ಯೆಗೆ ತೆಗೆಯಬೇಕು ಅನ್ನುವುದು ಅವಳಿಗೆ ನೆನಪಿತ್ತು. ಯಾಕೆ ಅನ್ನುವುದು ಮರೆತುಹೋಗಿತ್ತು. ಜಗಲಿ ನನ್ನ ಎದುರಿಗೇ ಇತ್ತು. ಅವಳು ಕೈಮುಗಿದು ಹೇಳುತ್ತಿದ್ದುದು ನನಗೆ ಕೇಳಿಸುತ್ತಿತ್ತು: "ನನ್ನ ಉಸಿರು ನೀನ ಕಾಯಬೇಕವ್ವಾ." ಆಮೇಲೆ ಬಂದು ನನ್ನ ಬಾಯಿಗೆ ಇನ್ನೊಂದು ಸುತ್ತು ಸಾರಿಸುತ್ತಿದ್ದಳು.

ಒಂದೊಂದು ಸಲ ಸಿಟ್ಟು ಬರುತ್ತಿತ್ತು. ಆ ಕಡ್ಡಿಯನ್ನು ಅಲ್ಲಿಂದ ತೆಗೆದು ಇಲ್ಲಿ ಒಮ್ಮೆ ತೂರಿಸಿದರೆ ಮುಗಿಯಿತಲ್ಲ, ಹತ್ತು ಹೆಜ್ಜೆ ದೂರ! ಆದರೆ ಒಲೆಗೆ ಯಾರು ಕಾಲು ಇಡುತ್ತಾರೆ.

ನಾಲ್ಕನೆಯ ವರ್ಷ ಫಕೀರಪ್ಪನ ಮದುವೆಯಾಗಿ ಶಿವಲೀಲಾ ಸೊಸೆಯಾಗಿ ಬಂದಳು. ಅವನು ಟಂಟಂ ಗಾಡಿಯಲ್ಲಿ ರೊಟ್ಟಿ ಬುಟ್ಟಿಗಳನ್ನು ಖಾನಾವಳಿಗೆ ಮುಟ್ಟಿಸಿ ಬರುತ್ತಿದ್ದ, ಇವಳು ಅತ್ತೆಗೆ ಹಿಟ್ಟು ನಾದಿ ಕೊಡುತ್ತಿದ್ದಳು. ಮಾತು ಕಡಿಮೆ, ಕಣ್ಣು ಚುರುಕು. ಬಂದು ಆರು ತಿಂಗಳಿಗೆ ಒಂದು ದಿನ ನನ್ನ ಮುಂದೆ ಬಗ್ಗಿ ನೋಡಿ ಹೇಳಿದಳು:

"ಅತ್ತಿ, ಇದರ ಬಾಯಿ ಸಣ್ಣದು ಆಗಾಕತ್ತೈತಿ ಅನಸ್ತೈತಿ ನನಗ."

ನನ್ನ ಎದೆ ಧಗ್ ಅಂದಿತು. ಹೇಳು ತಾಯಿ, ಇನ್ನೊಮ್ಮೆ ಹೇಳು ಅಂದುಕೊಂಡೆ.

"ಬಾಯಿ ಸಣ್ಣಿದ್ರ ಕಟಿಗಿ ಕಡಿಮಿ ತಿಂತೈತಿ. ಚೊಲೋನ ಅಲ್ಲ?" ಅಂದಳು ಬಸಲಿಂಗವ್ವ. ಅದನ್ನು ಅವಳು ಎಷ್ಟು ಜಾಣತನದ ಮುಖ ಮಾಡಿ ಹೇಳಿದಳೆಂದರೆ ಶಿವಲೀಲಾ ಮತ್ತೆ ಕೇಳಲಿಲ್ಲ. ಹೊಸ ಸೊಸೆ, ಪಾಪ, ಇಪ್ಪತ್ತೈದು ವರ್ಷ ರೊಟ್ಟಿ ಬಡಿದವಳಿಗೆ ಒಲೆಯ ಪಾಠ ಹೇಳುವುದು ಹೇಗೆ?

ಬಾಯಿ ಸಣ್ಣದಾದರೆ ಕಟ್ಟಿಗೆ ಉಳಿಯುವುದಿಲ್ಲ. ಗಾಳಿ ಸಾಲದೆ ಕಟ್ಟಿಗೆ ಉರಿಯದೆ ಕಮರುತ್ತದೆ. ಕಮರಿದರೆ ಹೊಗೆ. ಮಸಿ ಕೂತು ಗಂಟಲೂ ಕಟ್ಟುತ್ತಾ ಬಂದದ್ದರಿಂದ ಹೊಗೆಗೆ ಮೇಲೆ ಹೋಗಲು ದಾರಿಯಿಲ್ಲ. ಅದು ಬಂದ ಬಾಯಿಯಿಂದಲೇ ಹೊರಗೆ ಬರುತ್ತದೆ. ಬಾಯಿಯ ಎದುರಿಗೆ ಬಸಲಿಂಗವ್ವ ಕೂತಿರುತ್ತಾಳೆ. ನನಗೆ ಮಾತು ಬರುವುದಿಲ್ಲ, ಹೊಗೆ ಒಂದೇ ಬರುವುದು. ಅದರಲ್ಲೇ ಹೇಳಿದೆ. ಮೊದಲು ತೆಳ್ಳಗೆ, ಆಮೇಲೆ ದಟ್ಟವಾಗಿ. ಹಂಚಿನ ಒಂದು ಮಗ್ಗುಲು ತಣ್ಣಗಿಟ್ಟು ಹೇಳಿದೆ, ರೊಟ್ಟಿ ಅರೆಬೆಂದು ಬಂತು. ಬಾಯಿಯ ಅಂಚನ್ನು ಕರ್ರಗೆ ಮಾಡಿ ಹೇಳಿದೆ. ಹೆಚ್ಚು ಕರ್ರಗಾದಷ್ಟೂ ಅವಳು ಹೆಚ್ಚು ಸಾರಿಸಿದಳು.

ತಾಯಿಯ ಎದೆ ಮತ್ತೆ ಗೊರಗುಟ್ಟತೊಡಗಿದಾಗ ಫಕೀರಪ್ಪ ಮಾಳಿಗೆ ಹತ್ತಿ ಹಗ್ಗಕ್ಕೆ ಗೋಣಿಚೂರು ಕಟ್ಟಿ ಕೊಳವೆ ಒರೆಸಿದ. "ಕೊಳವಿ ಸ್ವಚ್ಛ ಐತಿ, ತಪ್ಪು ಕಟಿಗೀದು," ಎಂದು ತೀರ್ಪು ಕೊಟ್ಟ. ಕಟ್ಟಿಗೆ ಬದಲಾಯಿತು: ಹತ್ತಿ ಹೋಗಿ ತೊಗರಿ, ತೊಗರಿ ಹೋಗಿ ಜಾಲಿ. ಆಮೇಲೆ ಓಣಿಯವರ ಕಣ್ಣು ಬಿದ್ದಿದೆ ಎಂದು ನನ್ನ ಕೊಳವೆಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಮೆಣಸಿನಕಾಯಿ ಕಾವಿಗೆ ಕಮರಿ ಮನೆಯವರೆಲ್ಲ ಒಟ್ಟಿಗೆ ಸೀನಿದ್ದು ಆ ವರ್ಷಗಳಲ್ಲಿ ನಾನು ನಕ್ಕ ಒಂದೇ ಸಂದರ್ಭ. ಬಸಲಿಂಗವ್ವ ಎಲ್ಲರಿಗಿಂತ ಕೊನೆಯಲ್ಲಿ ಸೀನು ನಿಲ್ಲಿಸಿದಳು, ಕೆಮ್ಮು ನಿಲ್ಲಲಿಲ್ಲ. ಆಗ ನನ್ನ ನಗೆಯೂ ನಿಂತಿತು.

ಹಾಡು ಯಾವಾಗ ನಿಂತಿತೋ ತಿಳಿಯದು. ಸಾಲಿನ ನಡುವೆ ಉಸಿರು ತೆಗೆದುಕೊಳ್ಳಲು ಶುರುಮಾಡಿದಳು. ಆಮೇಲೆ ಬರೀ ಗುಣುಗು. ಒಂದು ದಿನ ಗಮನಿಸಿದರೆ ರೊಟ್ಟಿ ಬಡಿಯುವ ಸದ್ದೊಂದೇ ಕೇಳುತ್ತಿತ್ತು.

ಎಂಟನೆಯ ವರ್ಷ, ಒಂದು ಮದುವೆಯ ರೊಟ್ಟಿ ಒಪ್ಪಿಕೊಂಡಿದ್ದರು. ಹಿಂದಿನ ದಿನ ಅಕಾಲದಲ್ಲಿ ಮಳೆ ಬಿದ್ದು ಕಟ್ಟಿಗೆ ನೆನೆದಿತ್ತು. ಬೆಳಿಗ್ಗೆ ಶಿವಲೀಲಾ ನೀರಿಗೆ ಹೋಗಿದ್ದಳು. ಬಸಲಿಂಗವ್ವ ನನ್ನನ್ನು ಚೆನ್ನಾಗಿ ಸಾರಿಸಿ, ವಿಭೂತಿ ಹಚ್ಚಿ, ನೆನೆದ ಕಟ್ಟಿಗೆ ಇಟ್ಟು ಬೆಂಕಿಕಡ್ಡಿ ಗೀರಿದಳು. ನಾನು ಎಷ್ಟು ಎಳೆದರೂ ಒಳಗೆ ಗಾಳಿ ಬರಲಿಲ್ಲ. ಅವಳು ಊದುಗೊಳವೆ ತೆಗೆದುಕೊಂಡು ನನ್ನ ಬಾಯಿಗೆ ಇಟ್ಟು ಊದಿದಳು. ಅವಳಲ್ಲಿ ಉಳಿದಿದ್ದ ಉಸಿರೇ ಅಷ್ಟು, ಅದನ್ನೂ ನನಗೇ ಕೊಟ್ಟಳು. ಇನ್ನೊಮ್ಮೆ ಊದಿದಳು. ಒಳಗೆ ತುಂಬಿಕೊಂಡಿದ್ದ ಹೊಗೆಯೆಲ್ಲ ಒಂದೇ ಸಲ ತಿರುಗಿ ಅವಳ ಮುಖಕ್ಕೆ ನುಗ್ಗಿತು.

ನಾನೇ ನುಗ್ಗಿಸಿದೆ. ಬೇರೆ ಯಾರ ಮೇಲೆ ಹಾಕಲಿ? ಊದುಗೊಳವೆ ಕೈಯಿಂದ ಜಾರಿ ಉರುಳಿತು. ಬಸಲಿಂಗವ್ವ ನನ್ನ ಹೆಗಲನ್ನು ಹಿಡಿದುಕೊಂಡು ಬಾಯಿ ತೆರೆದಳು, ಉಸಿರು ಒಳಗೆ ಹೋಗಲಿಲ್ಲ. ಹಾಗೇ ಪಕ್ಕಕ್ಕೆ ವಾಲಿದಳು. ನನ್ನ ಒಳಗಿನ ಕಟ್ಟಿಗೆ ಇನ್ನೂ ಹೊಗೆಯಾಡುತ್ತಲೇ ಇತ್ತು, ನನ್ನಿಂದ ಅದನ್ನು ನಿಲ್ಲಿಸಲಾಗಲಿಲ್ಲ. ಕೊಡ ಹೊತ್ತು ಬಂದ ಶಿವಲೀಲಾ ಕೊಡವನ್ನು ಹಾಗೇ ನನ್ನ ಮೇಲೆ ಸುರಿದು ಅತ್ತೆಯನ್ನು ಅಂಗಳಕ್ಕೆ ಎಳೆದುಕೊಂಡು ಹೋದಳು. ಸುಡುವ ಮೈಗೆ ತಣ್ಣೀರು ಬಿದ್ದು ನನ್ನ ಬೆನ್ನು ಬಿರಿಯಿತು. ಆ ಬಿರುಕು ಈಗಲೂ ಇದೆ. ನನಗೆ ಅದರ ಬಗ್ಗೆ ದೂರಿಲ್ಲ.

ಬಸಲಿಂಗವ್ವನನ್ನು ಆಸ್ಪತ್ರೆಗೆ ಸೇರಿಸಿದರು. ಮೂರನೆಯ ದಿನ ಫಕೀರಪ್ಪ ಗುದ್ದಲಿ ಹಿಡಿದು ನನ್ನ ಮುಂದೆ ಬಂದು ನಿಂತ. ಕಣ್ಣು ಕೆಂಪಾಗಿದ್ದವು.

"ಇದನ್ನ ಇವತ್ತ ಒಡದ ಹಾಕ್ತೇನಿ. ನಮ್ಮವ್ವನ್ನ ನುಂಗಾಕತ್ತಿತ್ತು ಇದು."

"ಒಡಿಯೂಕಿಂತ ಮೊದ್ಲ ಹಾಕಿದಾಕಿನ್ನ ಒಂದ ಮಾತು ಕೇಳೂಣು," ಎಂದು ಶಿವಲೀಲಾ ಅಡ್ಡ ನಿಂತಳು. ಒಡೆದಿದ್ದರೂ ಸರಿಯೇ ಇತ್ತು ಅಂತ ನನಗೆ ಆಗ ಅನಿಸಿತ್ತು.

ದ್ಯಾಮವ್ವ ಬಂದಳು. ತಲೆ ಪೂರ್ತಿ ಹಣ್ಣಾಗಿತ್ತು. ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಾಯಿಯೊಳಗೆ ಕೈ ಹಾಕಿದಳು. ಅವಳ ಕೈ ಮಣಿಕಟ್ಟಿನ ತನಕ ಹೋಗಿ ಸಿಕ್ಕಿಕೊಂಡಿತು.

"ಕಡ್ಡಿ ಎಲ್ಲೈತಿ?"

"ಯಾವ ಕಡ್ಡಿ?" ಅಂದ ಫಕೀರಪ್ಪ. ಶಿವಲೀಲಾ ಮಾತ್ರ ತಿರುಗಿ ಜಗಲಿಯ ಕಡೆ ನೋಡಿದಳು. ಎದ್ದು ಹೋಗಿ, ಕುಂಕುಮ ಮೆತ್ತಿ ಕೆಂಪಾಗಿದ್ದ ಕಡ್ಡಿಯನ್ನು ತಂದು ಕೊಟ್ಟಳು. ದ್ಯಾಮವ್ವ ಅದನ್ನು ಸೆರಗಿನಿಂದ ಒರೆಸಿ ನನ್ನ ಬಾಯಿಗೆ ಅಡ್ಡ ಹಿಡಿದಳು. ಎರಡೂ ಕಡೆ ಎರಡೆರಡು ಬೆರಳು ಹೊರಗೇ ಉಳಿಯಿತು.

"ಇಕಿನ್ನ ದೇವರ ಮಾಡಿ ಕೂಡ್ರಿಸೀರಿ," ಅಂದಳು ದ್ಯಾಮವ್ವ. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. "ಉಸಿರಾಡಾಕ ಬಿಡಲಿಲ್ಲ."

ಕುಡುಗೋಲಿನ ಮೊನೆಯಿಂದ ಕೆರೆದಳು. ಎಂಟು ವರ್ಷದ ಸಾರಣೆ ಒಣಗಿದ ಚಕ್ಕೆಯ ಹಾಗೆ ಹೆಕ್ಕಳಿಕೆಯಾಗಿ ಎದ್ದು ಬಂತು. ಬಾಯಿಯದು, ಕಿಂಡಿಯದು, ಗಂಟಲಿನ ಮಸಿಯೂ ಸೇರಿ ಬುಟ್ಟಿ ತುಂಬ ಆಯಿತು. ಆಮೇಲೆ ರವದಿ ಉರಿಸಿ ಕೊಳವೆ ಬೆಚ್ಚಗೆ ಮಾಡಿ ಎರಡು ಸೀಳು ಕಟ್ಟಿಗೆ ಇಟ್ಟಳು. ಉರಿ ಸೊಂಯ್ ಎಂದು ಹಿಂದಕ್ಕೆ ಓಡಿತು. ಒಂದು ಎಳೆ ಹೊಗೆ ಹೊರಗೆ ಬರಲಿಲ್ಲ. ಇಷ್ಟು ಸುಲಭವಿತ್ತಲ್ಲ ಎಂದು ನನಗೆ ಅಳು ಬಂತು.

ಫಕೀರಪ್ಪ ಬುಟ್ಟಿಯನ್ನು ತಿಪ್ಪೆಗೆ ಒಯ್ಯಲು ಎತ್ತಿದವನು ಒಂದು ಹೆಕ್ಕಳಿಕೆಯನ್ನು ಕೈಗೆ ತೆಗೆದುಕೊಂಡ. ಅದರ ಮೇಲೆ ನಾಲ್ಕು ಬೆರಳಿನ ಗೆರೆ ಅಚ್ಚಾಗಿತ್ತು, ಅವನ ತಾಯಿಯದು.

"ಅತ್ತಿಗೆ ಹೇಳೂದು ಬ್ಯಾಡ," ಅಂದಳು ಶಿವಲೀಲಾ. "ಕೊಳವ್ಯಾಗ ಹಕ್ಕಿ ಗೂಡು ಕಟ್ಟಿತ್ತು, ತಗದ್ವಿ ಅನ್ನೂಣು." ಮೂವರೂ ಒಪ್ಪಿಕೊಂಡರು.

ಹದಿನೈದು ದಿನಕ್ಕೆ ಬಸಲಿಂಗವ್ವ ಮನೆಗೆ ಬಂದಳು. ಅರ್ಧ ಮೈ ಆಗಿದ್ದಳು. ಪಡಸಾಲೆಯಲ್ಲಿ ಮಲಗಲು ಹೊರಸು ಹಾಕಿದ್ದರು, ಅಲ್ಲಿಂದ ನನ್ನ ಒಂದು ಹೆಗಲು ಕಾಣುತ್ತಿತ್ತು.

"ಹೊಗಿ ಬರಾಕತ್ತಿಲ್ಲಲ್ಲ?"

"ಹಕ್ಕಿ ಗೂಡು ಕಟ್ಟಿತ್ತು ಅತ್ತಿ, ಕೊಳವ್ಯಾಗ. ತಗದ್ವಿ."

"ಮರಿ ಇದ್ವೇನು?"

"ಇಲ್ಲ. ಬರೇ ಗೂಡು."

"ಹಂಗಾದ್ರ ಪಾಪ ಹತ್ತೂದಿಲ್ಲ ಬಿಡು," ಎಂದು ಸಮಾಧಾನ ಪಟ್ಟುಕೊಂಡಳು. ಆಸ್ಪತ್ರೆಯವರು ಇನ್ನು ಹೆಚ್ಚು ದಿನವಿಲ್ಲವೆಂದು ಫಕೀರಪ್ಪನಿಗೆ ಹೇಳಿದ್ದರಂತೆ. ನನ್ನ ಗಂಟಲು ತೆರೆದಿತ್ತು, ಅವಳದು ಇನ್ನು ತೆರೆಯುವ ಹಾಗಿರಲಿಲ್ಲ.

ಒಂದು ಬೆಳಿಗ್ಗೆ ಶಿವಲೀಲಾ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಬಸಲಿಂಗವ್ವ ಗೋಡೆ ಹಿಡಿದುಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ನನ್ನ ಹತ್ತಿರ ಬಂದಳು. ಸಗಣಿಯ ಬೋಗುಣಿ ಪಕ್ಕದಲ್ಲೇ ಇತ್ತು. ಮುಂದೆ ಕೂತು ಹಳೆಯ ಹಾಗೇ ತಲೆ, ಹೆಗಲು, ಪಕ್ಕೆ ಸಾರಿಸಿದಳು. ಬೆನ್ನಿನ ಬಿರುಕು ಸಿಕ್ಕಿದಾಗ ಅದನ್ನು ಮೆಲ್ಲಗೆ ತುಂಬಿದಳು. ಆಮೇಲೆ ನಾಲ್ಕು ಬೆರಳು ನನ್ನ ಬಾಯಿಯೊಳಗೆ ಹೋದವು.

ಹೋಗಿ, ನಿಂತವು. ದಿನಾ ಸಿಗುತ್ತಿದ್ದ ಜಾಗದಲ್ಲಿ ಗೋಡೆ ಸಿಗಲಿಲ್ಲ. ಇನ್ನಷ್ಟು ಒಳಗೆ ಚಾಚಿದಳು. ಅಂಗೈ ಹೋಯಿತು, ಮಣಿಕಟ್ಟು ಹೋಯಿತು. ಕೈ ಹೊರಗೆ ತೆಗೆದು, ಬಾಯಿಯ ಮೇಲೆ ಗೇಣು ಹಾಕಿ ನೋಡಿದಳು. ಸರಿಯಾಗಿ ಒಂದು ಗೇಣು. ತಲೆಯೆತ್ತಿ ಜಗಲಿಯನ್ನು ನೋಡಿದಳು. ಕಡ್ಡಿ ಅಲ್ಲಿರಲಿಲ್ಲ. ಅದು ನನ್ನ ಪಕ್ಕದಲ್ಲೇ ಮಸಿಯಾಗಿ ಒರಗಿತ್ತು.

ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಸಗಣಿ ಇನ್ನೂ ಹಸಿಯಾಗಿತ್ತು.

"ನಾನ ಏನವ್ವಾ?" ಎಂದು ನನ್ನನ್ನು ಕೇಳಿದಳು.

ಅಲ್ಲ ಎಂದು ಹೇಳಬೇಕಿತ್ತು. ಮೈಯೆಲ್ಲ ಬಾಯಾಗಿ ಅಲ್ಲ, ಅಲ್ಲ ಎಂದು ಕೂಗಬೇಕೆನಿಸಿತು. ನನಗೆ ಆಗಲಿಲ್ಲ. ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ನನ್ನ ಹೆಗಲಿಗೆ ಹಣೆ ಒತ್ತಿ ಕೂತಳು.

ಒಳಗೆ ಬಂದ ಶಿವಲೀಲಾ ಗಾಬರಿಯಾಗಿ ಓಡಿ ಬಂದು ಎಬ್ಬಿಸಿದಳು. ಬಸಲಿಂಗವ್ವ ಅವಳ ತೋಳು ಹಿಡಿದು ಎದ್ದು ನಿಂತು, ಉಸಿರು ಹಿಡಿದು ಹಿಡಿದು ಹೇಳಿದಳು:

"ಆ ಹಕ್ಕಿ... ಮತ್ತ ಬಂದೀತು. ಅಮಾಸಿಗೊಮ್ಮೆ... ಕಡ್ಡಿ ಹಾಕಿ ನೋಡವಾ."

ಶಿವಲೀಲಾ ನನ್ನ ಪಕ್ಕದಲ್ಲಿ ಒರಗಿದ್ದ ಕಡ್ಡಿಯನ್ನು ನೋಡಿದಳು. ಏನೋ ಹೇಳಲು ಹೋದಳು. ಬಸಲಿಂಗವ್ವ ಅವಳ ಕೆನ್ನೆ ತಟ್ಟಿ, "ಹಕ್ಕಿ ಬುದ್ಧಿ, ಅದಕ್ಕ ತಿಳೀಲಿಲ್ಲ," ಅಂದು ಹೊರಸಿನ ಕಡೆ ನಡೆದಳು. ಮುಂದೆ ಇಬ್ಬರೂ ಆ ಮಾತು ಎತ್ತಲೇ ಇಲ್ಲ. ಪಂಚಮಿಗೆ ಎರಡು ದಿನ ಇರುವಾಗ ಅವಳು ಹೋದಳು. ಆ ವರ್ಷ ನನಗೆ ಹದಿಮೂರು ದಿನ ರಜೆ ಸಿಕ್ಕಿತು.

ಶಿವಲೀಲಾ ಆರು ವರ್ಷ ನನ್ನನ್ನು ಚೆನ್ನಾಗಿ ನೋಡಿಕೊಂಡಳು. ಹೊರಗೆ ಮಾತ್ರ ಸಾರಿಸಿದಳು, ಅಮಾವಾಸ್ಯೆಗೆ ಕಡ್ಡಿ ಹಾಕಿ ನೋಡಿದಳು. ಒಮ್ಮೆಯೂ ಕಡ್ಡಿ ತಾಗಲಿಲ್ಲ. ಆಮೇಲೆ ಗ್ಯಾಸ್ ಬಂತು, ಮುಂದಿನ ಕೋಣೆ ಅಡುಗೆಮನೆಯಾಯಿತು, ನಾನಿರುವ ಕೋಣೆಗೆ ಹಳೆಯ ಸಾಮಾನು ಬಂದು ಸೇರಿದವು. ಕೊಳವೆಯ ಮೇಲ್ಭಾಗ ಮುರಿದಿದೆ. ಬಾಯಿಯಲ್ಲಿ ಒಂದು ಕೋಳಿ ಮೊಟ್ಟೆ ಇಡುತ್ತದೆ. ಅದು ಸಲೀಸಾಗಿ ಒಳಗೆ ಹೋಗಿ ಬರುತ್ತದೆ, ಅಷ್ಟು ಅಗಲವಿದೆ.

ಬೆಳಗಾದಾಗ ಈಗಲೂ ಕಾಯುತ್ತೇನೆ. ಬೋಗುಣಿಯ ಸದ್ದು ಕೇಳುವುದಿಲ್ಲ. ನನ್ನ ಮೈ ಒಣಗಿ ಉದುರುತ್ತಿದೆ, ಬೆನ್ನಿನ ಬಿರುಕಿನಲ್ಲಿ ಅವಳು ತುಂಬಿದ ಮಣ್ಣು ಮಾತ್ರ ಗಟ್ಟಿಯಾಗಿದೆ. ಆ ಕೈ ಇನ್ನೊಮ್ಮೆ ತಣ್ಣಗೆ ಬಂದು ನನ್ನ ಬಾಯಿಯನ್ನು ಸಾರಿಸಲು ಶುರುಮಾಡಿದರೆ, ಅಂದು ಹೇಗೆ ಸುಮ್ಮನೆ ಕೂತಿದ್ದೆನೋ ಇಂದೂ ಹಾಗೇ ಸುಮ್ಮನೆ ಕೂರುತ್ತೇನೆ. ಅಂದು ತಡೆಯುವುದು ನನ್ನಿಂದ ಆಗುತ್ತಿರಲಿಲ್ಲ. ಇಂದು ಆಗುವ ಹಾಗಿದ್ದರೂ, ನನಗೆ ತಡೆಯುವ ಮನಸ್ಸು ಬರುತ್ತಿತ್ತೋ ಇಲ್ಲವೋ ಗೊತ್ತಿಲ್ಲ.